ತಾನೇ ನೆನೆಸಿದ ತೊಂಬತ್ತು ಅಡಿ

ಬೆಳಗಿನ ಐದೂವರೆ. ಮಿಲ್‌ಬರ್ಗ್ ಬೇಸ್‌ಬಾಲ್ ಮೈದಾನದಲ್ಲಿ ಎಮೆಟ್ ಟಲ್ಲಿ ಮಂಡಿಯೂರಿ ಕೂತು, ಬ್ಯಾಟ್ ಬೀಸಿದವನು ಮೊದಲ ಬೇಸ್‌ನತ್ತ ಓಡುವ ತೊಂಬತ್ತು ಅಡಿ ದಾರಿಯ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಿದ್ದಾರೆ. ಬೆರಳು ಎರಡು ಗೆಣ್ಣು ಇಳಿಯುತ್ತದೆ.

"ಗಂಜಿ ಆಗಿದೆ, ಗಂಜಿ! ಇವತ್ತು ಆ ಲೆವಿ ಹೇಗೆ ಓಡ್ತಾನೋ ನೋಡೇಬಿಡೋಣ" ಎಂದು ನಗುತ್ತಾರೆ.

ಲೆವಿ ಪ್ರಾಥರ್ ಎದುರಾಳಿ ತಂಡದ ಹುಡುಗ, ಈ ಲೀಗಿನಲ್ಲೇ ಎಲ್ಲರಿಗಿಂತ ವೇಗದ ಕಾಲು. ಚೆಂಡನ್ನು ಮೆಲ್ಲಗೆ ತಟ್ಟಿ, ಯಾರೋ ಅದನ್ನು ಹೆಕ್ಕಿ ಎಸೆಯುವಷ್ಟರಲ್ಲಿ ಬೇಸ್ ಮುಟ್ಟಿರುತ್ತಾನೆ. ಅದಕ್ಕೆ ಎಮೆಟ್ ಕಂಡುಕೊಂಡ ಮದ್ದು ನೀರು. ಎಲ್ಲ ಊರಿನಲ್ಲೂ ಮೈದಾನ ನೋಡಿಕೊಳ್ಳುವವರು ಈ ಕೆಲಸ ಮಾಡುತ್ತಾರೆ. ಅಂಪೈರ್‌ಗೂ ಗೊತ್ತು, ಕಂಡೂ ಕಾಣದಂತಿರುತ್ತಾರೆ.

ಉಕ್ಕಿನ ಕಾರ್ಖಾನೆಯಲ್ಲಿ ಎಡಗೈಯ ಎರಡು ಬೆರಳು ಹೋದ ಮೇಲೆ ಎಮೆಟ್ ಈ ಮೈದಾನ ನೋಡಿಕೊಳ್ಳಲು ಬಂದವರು. ಈಗ ವಯಸ್ಸು ಐವತ್ತೆಂಟು, ಇಲ್ಲಿ ಇದು ಹದಿನೇಳನೇ ವರ್ಷ. ವರ್ಷಕ್ಕೆ ಎಪ್ಪತ್ತು ಪಂದ್ಯ. ಪ್ರತಿ ಪಂದ್ಯಕ್ಕೂ ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬ ಹೊಸದಾಗಿ ಕಟ್ಟಬೇಕು, ಸುಣ್ಣದ ಗೆರೆ ಎಳೆಯಬೇಕು, ಹುಲ್ಲು ಕತ್ತರಿಸಬೇಕು. ಇವರ ಕೆಲಸ ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಮೈದಾನಕ್ಕೆ ನುಗ್ಗಿದ ನಾಯಿಯನ್ನು ಹಿಡಿದಾಗ. ನಾಯಿಯ ಹೆಸರು ಹಾಕಿದ್ದರು, ಇವರದ್ದು ಹಾಕಿರಲಿಲ್ಲ.

ಆರೂವರೆಗೆ ತಂಡದ ಮ್ಯಾನೇಜರ್ ಬರ್ಟ್ ಹೇಗನ್ ಏದುಸಿರು ಬಿಡುತ್ತಾ ಓಡಿಬರುತ್ತಾರೆ.

"ಎಮೆಟ್, ನೀರು ಹಾಕಿಲ್ಲ ತಾನೆ?"

"ಹಾಕದೆ ಬಿಡ್ತೀನಾ? ನಿನ್ನೆ ಸಂಜೆ ಮೂರು ತಾಸು ಪೈಪ್ ಹಿಡ್ಕೊಂಡು ನಿಂತಿದ್ದೆ."

"ಅಯ್ಯೋ ಪುಣ್ಯಾತ್ಮ! ಲೆವಿ ಈಗ ನಮ್ಮವನು ಕಣಯ್ಯಾ! ಅಲ್ಲಿ ಮ್ಯಾನೇಜರ್ ಜೊತೆ ಜಗಳ ಆಡ್ಕೊಂಡ, ರಾತ್ರಿ ನಮಗೆ ಬಿಟ್ಟುಕೊಟ್ರು."

ಪಂದ್ಯ ಎರಡು ಗಂಟೆಗೆ. ಗೆದ್ದರೆ ಇದೇ ಮೈದಾನದಲ್ಲಿ ಫೈನಲ್, ಸೋತರೆ ಈ ವರ್ಷದ ಆಟ ಇವತ್ತಿಗೇ ಮುಗಿಯಿತು. ಬರ್ಟ್ ಮುಖ ಕೆಂಪಾಗಿದೆ. "ಅವನು ಜಾರಿದ್ರೆ, ಮುಂದಿನ ವರ್ಷ ಪೈಪ್ ಹಿಡಿಯೋಕೆ ಬೇರೆಯವರನ್ನ ನೋಡ್ಕೋತೀನಿ."

"ನೋಡ್ಕೊಳ್ಳೀರಂತೆ. ಈಗ ದಾರಿ ಬಿಡಿ, ಕೆಸರು ತುಳೀಬೇಡಿ" ಎನ್ನುತ್ತಾರೆ ಎಮೆಟ್. ಸಲಿಕೆ ಆಗಲೇ ಕೈಗೆ ಬಂದಿದೆ. ಮೇಲಿನ ಒದ್ದೆ ಮಣ್ಣು ಕೆರೆದು ಹಾಕುತ್ತಾರೆ, ಉಳಿದದ್ದರ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚುತ್ತಾರೆ. ಅದು ಆರಿದ ಮೇಲೆ ಒಣಮಣ್ಣು ತುಂಬಿ ರೋಲರ್ ಎಳೆಯುತ್ತಾರೆ. ತೊಂಬತ್ತು ಅಡಿ, ಅಂಗೈ ಅಂಗೈಯಷ್ಟಾಗಿ.

ಹತ್ತು ಗಂಟೆಗೆ ಲೆವಿ ಬರುತ್ತಾನೆ. ಹೊಗೆಯಾಡುವ ನೆಲ ನೋಡಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೆ.

"ಓಹೋ, ಆ ಕೆಸರಿನ ಯಜಮಾನ್ರು ನೀವೇನಾ? ಎರಡು ವರ್ಷದಿಂದ ನನ್ನ ಸಾಕ್ಸ್ ಒಗೆದೂ ಒಗೆದೂ ನಮ್ಮಮ್ಮ ನಿಮಗೆ ಶಾಪ ಹಾಕ್ತಿದಾಳೆ!"

"ಇವತ್ತು ಬಿಳೀದೇ ಹಾಕ್ಕೊಂಡು ಬಾರಪ್ಪಾ. ಕೊಳೆ ಆದ್ರೆ ನಾನೇ ಒಗೆದುಕೊಡ್ತೀನಿ."

ಸಂಜೆ ನಾಲ್ಕೂವರೆ. ಕೊನೆಯ ಸರದಿ, ಎರಡೂ ತಂಡಕ್ಕೆ ಎರಡೆರಡು ರನ್. ಮೂರನೇ ಬೇಸಿನಲ್ಲಿ ಮಿಲ್‌ಬರ್ಗ್ ತಂಡದವನೊಬ್ಬ ಕಾಯುತ್ತಿದ್ದಾನೆ. ಇಬ್ಬರು ಆಗಲೇ ಔಟ್; ಮೂರನೆಯವನಾಗಿ ಲೆವಿಯೂ ಔಟಾದರೆ ಅವನು ಓಡಿಬಂದ ರನ್ನೂ ಲೆಕ್ಕಕ್ಕಿಲ್ಲ. ಲೆವಿ ಚೆಂಡನ್ನು ಮೆಲ್ಲಗೆ ತಟ್ಟುತ್ತಾನೆ, ಓಡುತ್ತಾನೆ. ಎಮೆಟ್ ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತು ಅವನ ಪಾದಗಳನ್ನಷ್ಟೇ ನೋಡುತ್ತಿದ್ದಾರೆ. ಒಂದು ಹೆಜ್ಜೆಯೂ ಜಾರುವುದಿಲ್ಲ. ಚೆಂಡು ಬರುವಷ್ಟರಲ್ಲಿ ಕಾಲು ಬೇಸಿನ ಮೇಲಿರುತ್ತದೆ, ಮೂರನೇ ಬೇಸಿನವನ ರನ್ ಸೇರಿರುತ್ತದೆ, ಊರು ಫೈನಲ್‌ನಲ್ಲಿರುತ್ತದೆ.

ಜನ ಲೆವಿಯನ್ನು ಹೆಗಲ ಮೇಲೆ ಹೊತ್ತು ಹೋದ ಮೇಲೆ ಎಮೆಟ್ ಅದೇ ದಾರಿಯಲ್ಲಿ ಮಂಡಿಯೂರಿ, ಅವನ ಬೂಟಿನ ಮೊಳೆಗಳ ಗುರುತಿನ ಪಕ್ಕ ಬೆರಳು ಚುಚ್ಚುತ್ತಾರೆ. ಬೆರಳು ಇಳಿಯುವುದಿಲ್ಲ.

"ಏನ್ ಓಡ್ತಾನಪ್ಪಾ ಆ ಹುಡುಗ! ಎರಡು ವರ್ಷ ಈ ಓಟಾನ ಊರಿಗೆ ನೋಡಗೊಡದೇ ಇದ್ದೋನು ನಾನೇ. ಫೈನಲ್‌ನಲ್ಲಿ ಇನ್ನೊಂದ್ಸಲ ನೋಡಿಬಿಟ್ರೆ ಸಾಕು. ಆವತ್ತು ನಾನು ಪೈಪ್ ಮುಟ್ಟಲ್ಲ."