ಲಕ್ಷ್ಮಯ್ಯ ನಗದೆ ಓದಿದ ಪುರಾಣ

ಕುಂದಾಣದ ಸುತ್ತಮುತ್ತ ಯಾರಾದರೂ ಸತ್ತರೆ, ಶಾಮಿಯಾನದವನಿಗೆ ಫೋನು ಹೋದ ಹಿಂದೆಯೇ ಲಕ್ಷ್ಮಯ್ಯನಿಗೂ ಹೋಗುತ್ತಿತ್ತು. ಬಸ್ ಕಂಡಕ್ಟರಾಗಿ ರಿಟೈರಾದ ಮನುಷ್ಯ, ಕಂಚಿನ ಕಂಠ. ತಿಥಿಯವರೆಗೆ ದಿನಾ ಸಂಜೆ ಸತ್ತವರ ಮನೆಯಲ್ಲಿ ಕೂತು, ಜೀವ ಯಮಲೋಕಕ್ಕೆ ಹೋಗುವ ದಾರಿಯ ಪುರಾಣ ಓದುವುದು ಅವನ ಕೆಲಸ. ಮೊದಲು ಇಲ್ಲಿ ಯಾರಿಗೂ ಈ ಓದು ಬೇಕಿರಲಿಲ್ಲ, ಒಂದಿಷ್ಟು ಭಜನೆಯಾದರೆ ಮುಗಿಯುತ್ತಿತ್ತು. ಏರ್‌ಪೋರ್ಟ್ ಬಂದು ಜಮೀನಿಗೆ ಬೆಲೆ ಏರಿದ ಮೇಲೆ ಸಾವಿಗೂ ಡೌಲು ಬಂತು.

ಲಕ್ಷ್ಮಯ್ಯನಿಗೆ ಆ ಪುರಾಣ ಕಂಡರೆ ಆಗುತ್ತಿರಲಿಲ್ಲ. ಕುದಿಯುವ ಎಣ್ಣೆ, ಗರಗಸ, ಕೀವಿನ ಹೊಳೆ. ಯಾವ ಪುಟ ತೆಗೆದರೂ ಅದೇ ರಂಪ. ಹೆಂಡತಿ ಸತ್ತಾಗ ಅವಳಿಗೂ ಅವನೇ ಓದಿದ್ದ. ಅಂದಿನಿಂದ ಓದಿದ ದಿನ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೊಂದು ಮದ್ದನ್ನೂ ಅವನೇ ಕಂಡುಕೊಂಡಿದ್ದ. ಒಂದು ಅಧ್ಯಾಯ ಮುಗಿದರೆ ಹಿತ್ತಲಿಗೆ ಹೋಗುವುದು, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ನಗೆಹನಿ ಪುಸ್ತಕ ತೆಗೆದು ಹೊಟ್ಟೆ ಹಿಡಿದುಕೊಂಡು ನಗುವುದು, ಮುಖ ಒರೆಸಿಕೊಂಡು ಬಂದು ಮುಂದಿನ ನರಕಕ್ಕೆ ಕೂರುವುದು. ಹಾಗೆ ನಕ್ಕು ಬಂದರೆ ನರಕಗಳನ್ನೆಲ್ಲ ಬಸ್ ಸ್ಟಾಪಿನ ಹೆಸರು ಕೂಗಿದಷ್ಟು ಸಲೀಸಾಗಿ ದಾಟಿಬಿಡುತ್ತಿದ್ದ. ಕೇಳುವವರಿಗೂ ಏನೂ ತಾಗುತ್ತಿರಲಿಲ್ಲ. ಎಲ್ಲರೂ ನೆಮ್ಮದಿಯಾಗಿ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ಮುನಿವೆಂಕಟಪ್ಪ ತೀರಿಕೊಂಡ. ಜಮೀನು ಮಾರಲು ಒಪ್ಪಲಿಲ್ಲವೆಂದು ಅವನ ಮಗ ಕಾಂತರಾಜು ಅಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮಾತು ಬಿಟ್ಟಿದ್ದಷ್ಟೇ ಅಲ್ಲ, ಮನೆಯೊಳಗೆ ಊಟಕ್ಕೂ ಸೇರಿಸುತ್ತಿರಲಿಲ್ಲ. ಭಿಕ್ಷುಕನಿಗೆ ಇಟ್ಟಂತೆ ಅಪ್ಪನ ತಟ್ಟೆ ಜಗಲಿಗೆ ಹೋಗುತ್ತಿತ್ತು. ಇದು ಊರಿಗೆಲ್ಲ ಗೊತ್ತು. ಅಂಥ ಮಗ ಈಗ ಬೀದಿಗಡ್ಡವಾಗಿ ಶಾಮಿಯಾನ ಹಾಕಿಸಿ, ತನ್ನ ಪಿತೃಭಕ್ತಿ ಊರಿಗೆಲ್ಲ ಕೇಳಲಿ ಎಂದು ಓದಿಗೆ ಮೈಕ್ ಬೇರೆ ಕಟ್ಟಿಸಿದ. ನಾಚಿಕೆ ಅನ್ನುವುದು ಕೆಲವರ ಮನೆ ಕಡೆ ತಲೆಯೇ ಹಾಕುವುದಿಲ್ಲ.

ಮೂರನೆಯ ಸಂಜೆ ಲಕ್ಷ್ಮಯ್ಯ ಬಚ್ಚಲುಮನೆಯ ಹಿಂದೆ ಕೂತು, ಅತ್ತೆ ಮನೆಯ ಕಡುಬಿಗೆ ಹೆದರಿ ಓಡಿಹೋದ ಅಳಿಯನ ಪ್ರಸಂಗ ಓದಿ ನಗುತ್ತಿದ್ದಾಗ ಕಾಂತರಾಜು ಬಂದುಬಿಟ್ಟ.

"ನಮ್ಮಪ್ಪ ಸತ್ತಿರೋ ಮನೇಲಿ ಹಲ್ಲು ಕಿರೀತಾ ಕೂತಿದ್ದೀಯಲ್ಲ, ಮಾನ ಮರ್ಯಾದೆ ಐತಾ ನಿಂಗೆ?"

ಉತ್ತರಕ್ಕೂ ಕಾಯದೆ ಪುಸ್ತಕ ಕಿತ್ತುಕೊಂಡು ಬಚ್ಚಲ ಒಲೆಗೆ ತುರುಕಿದ. ಲಕ್ಷ್ಮಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಶುರುವಾದ ಓದು ನಡುವೆ ನಿಂತರೆ ಹೋಗುವ ಜೀವ ದಾರಿಯಲ್ಲೇ ನಿಲ್ಲುತ್ತದೆಂದು ಜನ ನಂಬುತ್ತಾರೆ. ಅವನು ಬಿಡುವಂತಿಲ್ಲ, ಕಾಂತರಾಜು ಬಿಡಿಸುವಂತಿಲ್ಲ.

ಬಂದು ಕೂತ. ಮುಂದಿನ ಅಧ್ಯಾಯ ಹೆತ್ತವರಿಗೆ ಅನ್ನ ಹಾಕದೆ ಮುಖ ತಿರುಗಿಸಿದವರ ನರಕದ್ದು. ನಗು ಕಾಣದ ಗಂಟಲಿನಿಂದ ಅಂದು ಒಂದೊಂದು ಮಾತೂ ಕಲ್ಲಿನ ಹಾಗೆ ಬಂತು. ಎಲ್ಲೂ ಓಡಿಸಲಿಲ್ಲ. ಸಾಲು ಮುಗಿದಾಗಲೆಲ್ಲ ತಲೆಯೆತ್ತಿ ಕಾಂತರಾಜುವಿನ ಮುಖ ನೋಡಿದ. ಮೈಕು ಅದನ್ನೆಲ್ಲ ಊರ ಕೊನೆಯ ಮನೆಗೂ ಮುಟ್ಟಿಸಿತು. ನೆಂಟರು ಒಬ್ಬೊಬ್ಬರಾಗಿ ಕಾಂತರಾಜುವಿನ ಕಡೆ ತಿರುಗಿದರು. ಲಕ್ಷ್ಮಯ್ಯನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಬೇಕು?

ಒಂದು ಗುಟುಕು ನೀರು ಕುಡಿಯಲು ಅವನು ನಿಲ್ಲಿಸಿದ್ದೇ ತಡ, ಸುಟ್ಟ ಪುಸ್ತಕದ ಬೆಲೆ ಹೊಳೆದ ಕಾಂತರಾಜು ಒಳಗೆ ಓಡಿಹೋಗಿ ತನ್ನ ಮಗಳ ಚಿತ್ರಕಥೆ ಪುಸ್ತಕ ತಂದ. ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಅಣ್ಣಾ, ಇದು ನಮ್ಮ ಹರ್ಷಿತಂದು. ಹಿತ್ಲಿಗೋಗಿ ವಸಿ ನಕ್ಕೊಂಡು ಬಾರಣ್ಣ."

ಪುಸ್ತಕದ ಮೇಲೆ ಚಡ್ಡಿ ಹಾಕಿದ ನರಿಯೊಂದು ಸೈಕಲ್ ತುಳಿಯುತ್ತಿತ್ತು. ನಗದೆ ಓದಿದ ಈ ರಾತ್ರಿ ಲಕ್ಷ್ಮಯ್ಯನಿಗೆ ನಿದ್ದೆ ಬರುವಂತಿರಲಿಲ್ಲ. ಆ ಪುಸ್ತಕ ಅವನಿಗೆ ನಿಜವಾಗಿಯೂ ಬೇಕಿತ್ತು. ಇವನಿಗೆ ಇಷ್ಟು ಸಾಕು ಅಂದುಕೊಂಡು ಏಳಲು ಹೊರಟ.

ಗೋಡೆಗೆ ಒರಗಿ ಕೂತಿದ್ದ ಮುನಿವೆಂಕಟಪ್ಪನ ಹೆಂಡತಿ ಅಶ್ವತ್ಥಮ್ಮ ಆಗ ಮಾತಾಡಿದಳು.

"ಏಳ್ಬೇಡ ಲಕ್ಷ್ಮಯ್ಯ. ಜಗ್ಲಿಗೆ ತಟ್ಟೆ ತಗೊಂಡೋಗಿ ಇಡ್ತಿದ್ದೋಳು ನಾನೇ. ನಾನೂ ಕೇಳ್ಬೇಕು, ಓದಪ್ಪ."

ಕಾಂತರಾಜುವಿನ ಕೈ ಮೈಕಿನಿಂದ ಜಾರಿತು. ಲಕ್ಷ್ಮಯ್ಯನ ಖುಷಿಯೆಲ್ಲ ಇಳಿದುಹೋಯಿತು. ಆ ಮುದುಕಿಯ ಮುಖ ನೋಡಿಕೊಂಡು ಓದುವುದು ಅವನಿಗೆ ಬೇಡವಾಗಿತ್ತು. ಆದರೂ ನರಿಯ ಪುಸ್ತಕವನ್ನು ಮಣೆಯ ಪಕ್ಕಕ್ಕೆ ಸರಿಸಿ, ಕನ್ನಡಕ ಏರಿಸಿಕೊಂಡು, ಅದೇ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದ.