ನಾಲ್ಕನೇ ಬ್ಯಾಟರಿ ಮತ್ತು ವಸಂತಾ ಮೇಡಂ

ವಸಂತಾ ಮೇಡಂ ಎಲ್ಲಿಗೆ ಹೋದರೂ ಮೊದಲು ಮೂಗು ಮುರಿಯುತ್ತಿದ್ದರು, ಆಮೇಲೆ ಮಾತು. ಸರ್ಕಾರಿ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಕುರ್ಚಿ ಕೊಟ್ಟರೆ ಮನೆಯಿಂದ ತಂದ ಬಟ್ಟೆಯಲ್ಲಿ ಒರೆಸಿಯೇ ಕೂರುವರು. "ಗಲೀಜು ಅಂದ್ರೆ ಸೋಮಾರಿತನ ಕಣ್ರೀ" ಎನ್ನುವರು.

ವರ್ತೂರಿನಾಚೆ ಬೀದಿನಾಯಿಗಳ ಆಶ್ರಯಧಾಮದಲ್ಲಿ ನಾನು ಕೆಲಸಕ್ಕಿದ್ದೆ. ಜಾಗದ ಮೇಲೆ ಕೇಸಿದ್ದರಿಂದ ಕರೆಂಟಿಲ್ಲ, ಎಲ್ಲವೂ ಸೋಲಾರ್. ಬೆಳಗಾಗುವಷ್ಟರಲ್ಲಿ ಇನ್ವರ್ಟರ್ ಕಿರುಚಿ ಆರಿಹೋಗುತ್ತಿತ್ತು. ಫ್ರಿಜ್ಜಿನಲ್ಲಿದ್ದ ಹುಚ್ಚುನಾಯಿ ರೋಗದ ಲಸಿಕೆಯೆಲ್ಲ ಕೆಟ್ಟಿತು. ಪರಿಚಯವಿದ್ದ ಮೇಡಂ ಅವರನ್ನು ಮಹದೇವಪುರದಿಂದ ಕರೆಸಿದೆ.

ಬ್ಯಾಟರಿ ಕೋಣೆ ಆಸಿಡ್ಡಿನ ಹುಳಿ ನಾತ ಹೊಡೆಯುತ್ತಿತ್ತು. ಮೂಲೆಯಲ್ಲಿ ಇಲಿ ಹಿಕ್ಕೆ, ಟರ್ಮಿನಲ್‌ಗಳ ಮೇಲೆ ಬಿಳಿ-ಹಸಿರು ಬೂಷ್ಟು. "ಒಟ್ಟು ವೋಲ್ಟೇಜ್ ನೋಡಿ ಏನ್ ಬಂತು? ಒಂದೊಂದನ್ನೂ ನೋಡ್ಬೇಕು" ಎಂದು ಮೀಟರ್ ಹಿಡಿದರು. ಮೂರು ಬ್ಯಾಟರಿ ಸಮ ಇದ್ದವು, ನಾಲ್ಕನೆಯದು ತೀರಾ ಕೆಳಗೆ. ತಕ್ಷಣ ಕಾವಲುಗಾರ ಮುನಿರಾಜಣ್ಣನ ಮೇಲೆ ಹಾರಿದರು: "ಬೋರ್‌ವೆಲ್ ನೀರು ಸುರಿದಿದ್ದೀಯಲ್ಲ?"

"ಇಲ್ಲಕ್ಕಾ, ಅಂಗಡಿಯಿಂದ ತಂದ ಬ್ಯಾಟ್ರಿ ನೀರೇ ಆಕಿರಾದು."

ಮೇಡಂ ನಂಬಲಿಲ್ಲ. ಆ ಬ್ಯಾಟರಿಯೊಂದನ್ನೇ ಪ್ರತ್ಯೇಕವಾಗಿ ಚಾರ್ಜ್ ಮಾಡಿಸಿ ಸರಿಸಮ ಮಾಡಿ ಹೋದರು. ವಾರ ಕಳೆಯುವಷ್ಟರಲ್ಲಿ ಅದೇ ಬ್ಯಾಟರಿ ಮತ್ತೆ ಕುಸಿಯಿತು. ಈ ಸಲ ಕೈಗವಸು ಹಾಕಿಕೊಂಡು, ಸೋಡಾ ಬೆರೆಸಿದ ನೀರಿನಲ್ಲಿ ಬೂಷ್ಟನ್ನು ತಾವೇ ಉಜ್ಜಿದರು. ಅದರಡಿಯಲ್ಲಿ ಒಂದು ಸಣ್ಣ ವೈರು ಕಂಡಿತು. ಅದು ಗೋಡೆ ತೂರಿ ಗೇಟಿನವರೆಗೆ ಹೋಗಿತ್ತು. ಅಲ್ಲಿ ಕೈಮುಗಿದು ನಗುತ್ತಿದ್ದ ನಮ್ಮ ಆಶ್ರಯಧಾಮದ ಅಧ್ಯಕ್ಷರ ಬೋರ್ಡು, ಸುತ್ತಲೂ ದೀಪ.

ಮೇಡಂ ಮೊದಲು ಮುನಿರಾಜಣ್ಣನ ಹತ್ತಿರ ಹೋಗಿ, "ತಪ್ಪಾಯ್ತಪ್ಪಾ" ಎಂದರು. ಆಮೇಲೆ ಅಧ್ಯಕ್ಷರನ್ನು ಕರೆಸಿದರು.

"ಚಿಕ್ಕ ಲೈಟು ಮೇಡಂ, ಎಷ್ಟು ತಿನ್ನತ್ತೆ? ದಾನಿಗಳು ಬರ್ಬೇಕಲ್ವಾ?"

"ನಾಲ್ಕೂ ಒಟ್ಟಿಗೆ ದುಡೀಬೇಕು ಸಾರ್. ನೀವು ಒಂದರಿಂದಲೇ ಕದ್ರಿ. ಅದು ಸೊರಗ್ತು, ಚಾರ್ಜ್ ಆಗೋವಾಗ ಮಿಕ್ಕ ಮೂರೂ ಕುದ್ವು. ನಾಯಿಗಳ ಔಷಧಿ ಕೊಳೆಸಿ ನಿಮ್ಮ ಮುಖ ಬೆಳಗಿಸ್ಕೊಂಡ್ರಾ? ವಾಕರಿಕೆ ಬರತ್ತೆ."

ವೈರನ್ನು ಅಲ್ಲೇ ಕತ್ತರಿಸಿದರು. ಇನ್ನು ಬರಬೇಡಿ ಎಂದು ಅಧ್ಯಕ್ಷರ ಕಡೆಯಿಂದ ಮೇಡಂಗೆ ಫೋನ್ ಬಂತು. ಕೆಲವೇ ದಿನಗಳಲ್ಲಿ ಬೋರ್ಡು ಮತ್ತೆ ಬೆಳಗಿತು.

ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಇದನ್ನು ಹೇಳಿದೆ. ಮೇಡಂ ಮೂಗು ಮುರಿದರು. "ಲಸಿಕೆ ನಮ್ಮನೆ ಫ್ರಿಜ್ಜಲ್ಲಿಡಿ" ಎಂದರು. "ಮೊಸರಿನ ಪಕ್ಕ ನಾಯಿ ಔಷಧಿ! ಅಸಹ್ಯ ಆಗತ್ತೆ, ಆದ್ರೂ ತನ್ನಿ." ಅದೇ ಕೊನೆಯ ಭೇಟಿ. ಮರುದಿನ ನಾನು ಹೊಸ ಲಸಿಕೆಯನ್ನು ಅವರ ಮನೆಗೆ ಒಯ್ದಾಗ ಅವರು ಮಲಗಿದ್ದರು, ಕೆಲಸದವಳು ತೆಗೆದುಕೊಂಡು ಫ್ರಿಜ್ಜಿನಲ್ಲಿಟ್ಟಳು.

ಅದೇ ವಾರ ಹೃದಯಾಘಾತವಾಗಿ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಲಸಿಕೆ ಬಾಟಲಿ ತರಲು ಹೋದೆ. ನೆಂಟರು ಬೀರು ಹಂಚಿಕೊಳ್ಳುತ್ತಾ ಜಗಳವಾಡುತ್ತಿದ್ದರು. ಖಾಲಿ ಮನೆಗ್ಯಾಕೆ ಕರೆಂಟು ಅಂತ ಮೇನ್ ಸ್ವಿಚ್ ಆಫ್ ಮಾಡಿದ್ದರಂತೆ.

ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಶೆಲ್ಫನ್ನು ಮೇಡಂ ಪೂರ್ತಿ ಲಸಿಕೆಗೇ ಬಿಟ್ಟುಕೊಟ್ಟಿದ್ದರು. ಬಾಟಲಿ ಮುಟ್ಟಿದೆ. ಬೆಚ್ಚಗಿತ್ತು.