ಕೊನೆಗೆ ಹೋಗಲು ಕಾದು ಕೂತ ಮೂವರು ಬ್ರೋಕರುಗಳು

ಗೆಳೆಯರೇ, ಇವತ್ತು ನಾವು ಮೂವರು ಜಮೀನು ಬ್ರೋಕರುಗಳು ಕೆಂಗಲ್ಲಿನ ಒಂದೇ ಟೀ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ಸುತ್ತಮುತ್ತ ಫ್ಯಾಕ್ಟರಿಗಳು ಬರುತ್ತಿವೆಯೆಂದು ಬೈರಾಪಟ್ಟಣದ ಗೌಡರೊಬ್ಬರು ರಸ್ತೆ ಬದಿಯ ಜಮೀನು ಮಾರಲು ಹೊರಟು, ಮೂವರನ್ನೂ ಬೆಳಿಗ್ಗೆ ಒಬ್ಬೊಬ್ಬರಾಗಿ ಮಾತಿಗೆ ಬರಲು ಕರೆದಿದ್ದರು. ಕೊನೆಗೆ ಹೋದವನ ಮಾತೇ ಮಾರುವವರ ಕಿವಿಯಲ್ಲಿ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಉಳಿದಿಬ್ಬರ ಲೆಕ್ಕವೂ ಅದೇ ಎಂದು ಆಮೇಲೆ ಗೊತ್ತಾಯಿತು.

“ದೊಡ್ಡೋರು, ನೀವು ಮೊದ್ಲು ಹೋಗಿ ಅಣ್ಣ,” ಎಂದೆ ನಮ್ಮಲ್ಲಿ ಹಿರಿಯನಾದ ರಾಜಣ್ಣನಿಗೆ.

“ನಂಗೆ ಒಸಿ ತಲೆನೋವು ಕಣ್ಲಾ. ಸಮೀವುಲ್ಲಾ ಹೋಗ್ಲಿ.”

“ನನ್ ಟೀ ಇನ್ನೂ ಮುಗ್ದಿಲ್ಲ,” ಎಂದು ಸಮೀವುಲ್ಲಾ ಖಾಲಿ ಲೋಟ ಊದಿದ.

ಅಷ್ಟರಲ್ಲಿ ಗೌಡರ ಫೋನು ಬಂತು. “ಬೆಳಿಗ್ಗೆಯಿಂದ ಕಾಯ್ತಾ ಕೂತಿವ್ನಿ, ಯಾರೂ ಬರಾಕಿಲ್ವೇನ್ರಪ್ಪ?” ಯಾರೂ ಮೊದಲಿಗರಾಗಬಾರದೆಂದು ಮೂವರೂ ನನ್ನ ಕಾರಿನಲ್ಲೇ ಹೊರಟೆವು.

ನಾವು ಒಟ್ಟಿಗೆ ಇಳಿದದ್ದನ್ನು ಜಗಲಿಯಿಂದಲೇ ನೋಡಿ ಗೌಡರು ನಕ್ಕರು. “ಒಂದೇ ಕಾರಲ್ಲಿ ಬಂದಿದ್ದೀರಿ ಅಂದ್ರೆ ರೇಟೂ ದಾರೀಲೇ ಮಾತಾಡ್ಕೊಂಡಿರ್ತೀರಿ. ನನ್ ಜಮೀನ ನಾನೇ ಮಾರ್ಕತೀನಿ, ಬುಡಿ. ಮುದ್ದೆ ಬಿಸಿಯಾಗೈತೆ, ಉಂಡ್ಕೊಂಡು ಹೋಗಿ.”

ಜಮೀನು ಕೈತಪ್ಪಿತು, ಅವರೆಕಾಳಿನ ಸಾರು ಮಾತ್ರ ಸೊಗಸಾಗಿತ್ತು. ಊಟಕ್ಕೆ ಕೂರುವಾಗ “ನೀವು ಮೊದಲು” ಎಂದು ಒಬ್ಬನೂ ಅನ್ನಲಿಲ್ಲ.